ಬಚ್ಚಲಮನೆಯ ಪ್ಲಗ್ ಪಾಯಿಂಟು: ಒಂದು ವಿಮರ್ಶೆ

ಸಿನಿಮಾಕ್ಕೆ ವಿಮರ್ಶೆ ಇದೆ. ಬೆಣ್ಣೆ ದೋಸೆಗೆ ಇದೆ. ನೂರು ರೂಪಾಯಿಯ ಫೋನ್ ಕವರಿಗೂ ಜನ ಕೂತು ಸ್ಟಾರ್ ಕೊಡ್ತಾರೆ. ತಿಂಗಳಿಗೆ ಹದಿನೆಂಟು ಸಾವಿರ ಬಾಡಿಗೆ ಕೊಟ್ಟು, ದಿನಾ ಬೆಳಿಗ್ಗೆ ಬರಿಗಾಲಲ್ಲಿ, ಬರಿಮೈಯಲ್ಲಿ, ತೊಟ್ಟಿಕ್ಕುತ್ತಾ ನಿಲ್ಲುವ ಜಾಗದ ಕರೆಂಟ್ ಪಾಯಿಂಟಿನ ಬಗ್ಗೆ ಮಾತ್ರ ಯಾರೂ ಒಂದು ಸಾಲು ಬರೆದಿದ್ದನ್ನ ನಾನು ನೋಡಿಲ್ಲ. ಹಾಗಾಗಿ ನಾನೇ ಬರೀತಿದೀನಿ.

ಮೆಟ್ರೋ ಹಳದಿ ಮಾರ್ಗ 2025ರ ಆಗಸ್ಟಲ್ಲಿ ಬೊಮ್ಮಸಂದ್ರದವರೆಗೆ ಓಡೋಕೆ ಶುರುವಾದ ಮೇಲೆ ನಮ್ಮ ಆನೇಕಲ್ ತಾಲ್ಲೂಕಲ್ಲಿ ಮನೆ ಹುಡುಕೋ ಸ್ನೇಹಿತರ ಜೊತೆ ತಿರುಗೋದೇ ನನ್ನ ಶನಿವಾರದ ಕೆಲಸ ಆಗಿಬಿಟ್ಟಿದೆ. ಚಂದಾಪುರ, ಹೆಬ್ಬಗೋಡಿ, ಅತ್ತಿಬೆಲೆ, ಆನೇಕಲ್ ಟೌನ್ ಸುತ್ತಲಿನ ಹೊಸ ಲೇಔಟುಗಳು. ಮೊನ್ನೆವರೆಗೆ ರಾಗಿ ಹೊಲ ಇದ್ದ ಕಡೆ ಈಗ ಮೂರು ನಾಲ್ಕು ಮಹಡಿಯ ಬಾಡಿಗೆ ಕಟ್ಟಡಗಳು. ಎಲ್ಲ ಕಡೆ ಬ್ರೋಕರ್ ತೋರಿಸೋ ಕ್ರಮ ಒಂದೇ. ಬಾತ್‌ರೂಮ್ ಬಾಗಿಲು ತಳ್ಳಿ, ಲೈಟ್ ಹಾಕಿ, "ಟೈಲ್ಸ್ ಮೇಲ್ಗಂಟ ಹಾಕ್ಸಿದಾರೆ ಸಾರ್, ವೆಸ್ಟರ್ನು, ಗೀಸರ್ ಪಾಯಿಂಟೂ ಇದೆ" ಅನ್ನೋದು.

ಇದೆ ಅನ್ನೋದು ನಿಜ. ಎಲ್ಲಿದೆ ಅಂತ ಯಾರೂ ಕೇಳಲ್ಲ. ಒಂದು ಮನೇಲಿ ಶವರಿನ ಪಕ್ಕದಲ್ಲೇ, ಭುಜದ ಎತ್ತರಕ್ಕೆ 16 ಆಂಪಿಯರ್ ಸಾಕೆಟ್ಟು, ಅದಕ್ಕಂಟಿಕೊಂಡೇ ಸ್ವಿಚ್ಚು. ಇನ್ನೊಂದರಲ್ಲಿ ವಾಷಿಂಗ್ ಮೆಷಿನ್‌ಗೆ ಅಂತ ಮೊಣಕಾಲೆತ್ತರದಲ್ಲಿ ಒಂದು ಪಾಯಿಂಟು; ಒಂದು ಮೊಳ ಆಚೆಗೆ ಕಮೋಡಿನ ಹೆಲ್ತ್ ಫಾಸೆಟ್ ನೇತಾಡ್ತಿತ್ತು. ಮೂರನೇದರಲ್ಲಿ ವಾಶ್ ಬೇಸಿನ್ ನಲ್ಲಿಗೂ ಸಾಕೆಟ್ಟಿಗೂ ಮಧ್ಯೆ ಸೋಪಿನ ಡಬ್ಬಿ ಇಡೋವಷ್ಟು ಜಾಗ. ಹೊರಗಡೆ ಸ್ವಿಚ್ ಇದ್ದ ಮನೆಗಳೂ ಸಿಕ್ಕವು. ಅವು ಹೆಚ್ಚಾಗಿ ಹಳೇ ಮನೆಗಳು, ಬ್ರೋಕರ್ ಕಣ್ಣಲ್ಲಿ "ಸ್ವಲ್ಪ ಔಟ್‌ಡೇಟೆಡ್ ಸಾರ್".

ಈ ಜಾಗಗಳನ್ನ ಯಾರು, ಯಾವಾಗ ತೀರ್ಮಾನ ಮಾಡ್ತಾರೆ ಅನ್ನೋದು ನನ್ನ ಕುತೂಹಲ. ಕಟ್ಟುತ್ತಿದ್ದ ಒಂದು ಮನೆಯಲ್ಲಿ ಗೋಡೆ ಕೊರೀತಿದ್ದ ಎಲೆಕ್ಟ್ರಿಷಿಯನ್‌ನ ಕೇಳಿದೆ, "ಅಣ್ಣಾ, ಪಾಯಿಂಟು ಇಲ್ಲೇ ಯಾಕೆ?" ಅವರು ಉಳಿ ಕೆಳಗಿಡದೇ ಹೇಳಿದ್ರು, "ಪ್ಲಂಬರು ಬಿಸಿನೀರು ಪೈಪ್ ಎಲ್ಲಿ ಎಬ್ಬಿಸಿದಾನೋ ಅಲ್ಲೇ ಗೀಸರು. ಗೀಸರ್ ವೈರ್ ಎಷ್ಟು ಉದ್ದ ಬರತ್ತೋ ಅಲ್ಲೇ ಪಾಯಿಂಟು. ಇನ್ನೆಲ್ಲಿಡೋಕಾಗತ್ತೆ ಸಾರ್?" ಪೂರ್ತಿ ವಿನ್ಯಾಸ ಇಷ್ಟೇ. ಶವರಿಗೆ ಹತ್ತಿರ ಗೀಸರ್ ಇದ್ರೆ ಪೈಪು ಉಳಿಯತ್ತೆ, ಗೀಸರಿಗೆ ಹತ್ತಿರ ಸಾಕೆಟ್ ಇದ್ರೆ ಕೆಲಸ ಬೇಗ ಮುಗಿಯತ್ತೆ, ಸಾಕೆಟ್ ಪಕ್ಕವೇ ಸ್ವಿಚ್ ಇದ್ರೆ ವೈರ್ ಉಳಿಯತ್ತೆ. ಪೈಪಿನ ಲೆಕ್ಕ, ವೈರಿನ ಲೆಕ್ಕ, ಟೈಲ್ಸಿನ ಲೆಕ್ಕ ಎಲ್ಲ ಇದೆ. ಒದ್ದೆ ಮೈಯಲ್ಲಿ ಅಲ್ಲಿ ನಿಲ್ಲೋ ಮನುಷ್ಯನ ಲೆಕ್ಕ ಬರೋ ಹೊತ್ತಿಗೆ ಟೈಲ್ಸ್ ಅಂಟಿಸಿ ಆಗಿರತ್ತೆ. ಸ್ನೇಹಿತನ ಮನೆ ಓನರ್ ಒಬ್ಬರನ್ನ ಆ ಭುಜದೆತ್ತರದ ಸ್ವಿಚ್ಚಾದರೂ ಹೊರಗೆ ಹಾಕ್ಸಿ ಅಂತ ಕೇಳಿದಾಗ ಅವರು ಕೊಟ್ಟ ಕಾರಣ ದುಡ್ಡಲ್ಲ. "ಟೈಲ್ಸ್ ಒಡೀಬೇಕಾಗತ್ತಪ್ಪ, ಅದೇ ಡಿಸೈನ್ ಮತ್ತೆ ಸಿಗಲ್ಲ."

ನಮ್ಮೂರು ಕುಣಿಗಲ್ ಕಡೆ. ಬಚ್ಚಲಲ್ಲಿ ತಾಮ್ರದ ಹಂಡೆ, ಕೆಳಗೆ ಒಲೆ, ತೆಂಗಿನ ಮಟ್ಟೆ, ಹೊಗೆ. ಅಡುಗೆಮನೆಗೂ ಬಚ್ಚಲಿಗೂ ಮಧ್ಯದ ಗೋಡೆಯಲ್ಲಿ ಒಂದು ಕಿಂಡಿ ಬಿಟ್ಟು, ಅಡುಗೆಮನೆ ಕಡೆಯಿಂದ ಒಂದೇ ಬಲ್ಬು ಹಾಕಿದ್ರು. ಎರಡೂ ಕಡೆಗೆ ಬೆಳಕು. ಸ್ವಿಚ್ಚು ಅಡುಗೆಮನೇಲಿ. ನೀರಿರೋ ಕಡೆ ವೈರಿಲ್ಲ, ವೈರಿರೋ ಕಡೆ ನೀರಿಲ್ಲ. ಇದನ್ನ ಹೇಳಿದ ತಕ್ಷಣ "ನಮ್ಮ ಹಿರಿಯರು ಎಂಥಾ ವಿಜ್ಞಾನಿಗಳು" ಅಂತ ಫಾರ್ವರ್ಡ್ ಮಾಡೋರಿದ್ದಾರೆ. ಮಾಡಬೇಡಿ. ಅದು ವಿಜ್ಞಾನ ಅಲ್ಲ, ಒಂದು ಬಲ್ಬಿನ ಕಾಸು ಉಳಿಸಿದ್ದು. ಅದೇ ಮನೇಲಿ ಮೋಟಾರ್ ಸ್ಟಾರ್ಟರಿಗೆ ಒದ್ದೆ ಕೈ ಹಾಕೋದು ದಿನದ ಮಾತಾಗಿತ್ತು. ಆದ್ರೆ ಕಾಸು ಉಳಿಸೋಕೆ ಹೋಗಿ ಅವರು ಸರಿಯಾದ ಜಾಗಕ್ಕೆ ಬಂದ್ರು, ಕಾಸು ಉಳಿಸೋಕೆ ಹೋಗಿ ನಾವು ಶವರ್ ಕೆಳಗೆ ಬಂದಿದೀವಿ. ಈ ವ್ಯತ್ಯಾಸ ಮಾತ್ರ ನನಗೆ ಮುಖ್ಯ ಅನಿಸತ್ತೆ.

ಹಾಗಾದ್ರೆ ಸರಿಯಾದ ಜಾಗ ಯಾವುದು? ಇದಕ್ಕೆ ಜಗತ್ತಿನಲ್ಲಿ ಒಂದು ಪುಸ್ತಕ ಇದೆ. ಐಇಸಿ 60364 ಅನ್ನೋ ಅಂತರರಾಷ್ಟ್ರೀಯ ಮಾನದಂಡದಲ್ಲಿ 701ನೇ ಭಾಗ ಸ್ನಾನದ ಕೋಣೆಗೇ ಮೀಸಲು. ನಮ್ಮ ವೈರಿಂಗ್ ಮಾನದಂಡ ಐಎಸ್ 732 ಕೂಡ 2019ರ ಪರಿಷ್ಕರಣೆಯಲ್ಲಿ ಬಹುಮಟ್ಟಿಗೆ ಇದೇ ಐಇಸಿ ಹಾದಿ ಹಿಡಿದಿದೆ. 701ರ ಲೆಕ್ಕ ಹೀಗೆ. ಬಾತ್‌ಟಬ್ಬಿನ ಒಳಗೆ ವಲಯ 0. ಅದರ ಮೇಲೆ ನೆಲದಿಂದ 2.25 ಮೀಟರ್ ಎತ್ತರದವರೆಗೆ ವಲಯ 1. ಅಲ್ಲಿಂದ ಪಕ್ಕಕ್ಕೆ 60 ಸೆಂಟಿಮೀಟರ್ ವಲಯ 2. ಈ ಮೂರರೊಳಗೆ ಮಾಮೂಲಿ ಸಾಕೆಟ್ ಇಡಂಗಿಲ್ಲ. ಟಬ್ಬೂ ಇಲ್ಲ, ತೊಟ್ಟಿಯೂ ಇಲ್ಲ, ಬರೀ ಶವರ್ ಅಂದ್ರೆ, ಶವರಿನ ನೀರು ಬರೋ ಜಾಗದಿಂದ ಸುತ್ತಲೂ 1.2 ಮೀಟರ್ ಪೂರ್ತಿ ವಲಯ 1.

ಓದೋಕೆ ಚೆನ್ನಾಗಿದೆ. ಈಗ ಟೇಪ್ ಹಿಡ್ಕೊಂಡು ನಮ್ಮ ಬಾತ್‌ರೂಮಿಗೆ ಬನ್ನಿ. ಇಲ್ಲಿನ ಒಂದು ಬೆಡ್‌ರೂಮ್ ಮನೆಯ ಬಾತ್‌ರೂಮ್ ಅಂದ್ರೆ ನಾಲ್ಕಡಿ ಅಗಲ, ಆರಡಿ ಉದ್ದ. ಓನರ್ ಉದಾರಿ ಆದ್ರೆ ಏಳಡಿ. ನಾಲ್ಕಡಿ ಅಂದ್ರೆ ಹತ್ತಿರ ಹತ್ತಿರ 1.2 ಮೀಟರ್! ಅಂದ್ರೆ ಶವರಿರೋ ಗೋಡೆಯಿಂದ ಎದುರು ಗೋಡೆವರೆಗೆ ಎಲ್ಲಾ ವಲಯ 1. ಶವರ್ ಒಂದು ತುದೀಲಿದ್ರೆ ಇನ್ನೊಂದು ತುದೀಲಿ ಎರಡಡಿ ಉಳೀತು ಅಂದ್ಕೊಳ್ಳಿ, ಅಲ್ಲಿ ಕಮೋಡು. ಅದರ ಪಕ್ಕ ಹೆಲ್ತ್ ಫಾಸೆಟ್ಟು, ಒಂದು ಮೀಟರ್ ಪೈಪಿನ ಜೊತೆ, ಯಾವ ದಿಕ್ಕಿಗೆ ಬೇಕಾದ್ರೂ ತಿರುಗೋ ಪಿಚಕಾರಿ.

ಪುಸ್ತಕದ ಬಗ್ಗೆ ನನ್ನ ಮುಖ್ಯ ತಕರಾರು ಇಲ್ಲೇ. ಅದು ಹುಟ್ಟಿದ್ದು ಟಬ್ಬಿಗೆ ಪರದೆ ಎಳೆದು ಸ್ನಾನ ಮಾಡೋ, ಬಾತ್‌ರೂಮ್ ನೆಲದ ಮೇಲೆ ಕಾಲೊರಸು ಹಾಸೋ ಜನರ ನಡುವೆ. ಅವರಿಗೆ ಬಾತ್‌ರೂಮಲ್ಲಿ ಒದ್ದೆ ಜಾಗ ಬೇರೆ, ಒಣ ಜಾಗ ಬೇರೆ. ನಮಗೆ? ಬಕೆಟ್ಟು, ಚೊಂಬು, ಮಗ್ಗು. ತಲೆ ಮೇಲೆ ಹುಯ್ಕೊಂಡ ನೀರು ಎದುರು ಗೋಡೆಗೆ ಹೊಡೆದು ಬರತ್ತೆ. ಮಗುಗೆ ಸ್ನಾನ ಮಾಡ್ಸಿದ ಮೇಲಂತೂ ಬಾಗಿಲೂ ಒದ್ದೆ. ಕೆಲಸ ಮುಗಿದ ಮೇಲೆ ಬ್ರಶ್ ಹಿಡಿದು ಗೋಡೆ ಪೂರ್ತಿ ಉಜ್ಜಿ ತೊಳೀತೀವಿ, ಸ್ವಿಚ್ ಬೋರ್ಡ್ ಸಮೇತ. ಬಕೆಟ್ಟಿನ ಸುತ್ತ ಎಷ್ಟು ಮೀಟರ್ ಅಂತ 701ನೇ ಭಾಗ ಹೇಳಲ್ಲ, ಯಾಕಂದ್ರೆ ಅದಕ್ಕೆ ಬಕೆಟ್ಟೇ ಗೊತ್ತಿಲ್ಲ. ನಮ್ಮ ಬಚ್ಚಲಿಗೆ ಪುಸ್ತಕದ ಅರ್ಥವನ್ನ ನಿಯತ್ತಾಗಿ ಇಳಿಸಿದ್ರೆ ಉತ್ತರ ಒಂದೇ: ಕೈಗೆ ಸಿಗೋ ಎತ್ತರದಲ್ಲಿ, ಬಾಗಿಲಿನಿಂದ ಒಳಗೆ, ಸಾಕೆಟ್ಟಿಗೆ ಜಾಗ ಇಲ್ಲ.

ಗೀಸರ್ ಕಥೆ ಏನು? ಇಲ್ಲೊಂದು ಸೂಕ್ಷ್ಮ ಇದೆ. ಖಾಯಂ ಆಗಿ ವೈರ್ ಜೋಡಿಸಿದ, ನೀರು ಸಿಡಿದರೂ ತಡೆಯೋ ವಾಟರ್ ಹೀಟರನ್ನ ವಲಯ 1ರಲ್ಲಿ ಇಡೋಕೆ ಐಇಸಿ ಒಪ್ಪತ್ತೆ. ಒಪ್ಪದೇ ಇರೋದು ಪ್ಲಗ್ಗು ಸಾಕೆಟ್ಟನ್ನ. ಆದ್ರೆ ನಮ್ಮಲ್ಲಿ ಗೀಸರು ಸಾಮಾನ್ಯವಾಗಿ ಡಬ್ಬದಿಂದ ಹೊರಗೆ ಬರೋವಾಗಲೇ ಮೂರು ಪಿನ್ನಿನ ಪ್ಲಗ್ ಕಟ್ಕೊಂಡು ಬರತ್ತೆ, ಜೊತೆಗೆ ಗಿಡ್ಡ ವೈರು. ನಿಯಮ ಒಂದು ಕಡೆ, ಸಾಮಾನು ಇನ್ನೊಂದು ಕಡೆ. ಇದ್ದಿದ್ದರಲ್ಲಿ ಒಪ್ಪಬಹುದಾದ್ದು ಅಂದ್ರೆ ಸಾಕೆಟ್ 2.25 ಮೀಟರಿಗಿಂತ, ಅಂದ್ರೆ ಸುಮಾರು ಏಳೂವರೆ ಅಡಿಗಿಂತ ಮೇಲೆ. ಸ್ವಿಚ್ಚು ಬಾಗಿಲ ಹೊರಗೆ. ಇದಕ್ಕೂ ಅಡ್ಡ ಬರೋದು ಬಾಡಿಗೆ ಮನೆಯ ಸಜ್ಜ. ಏಳಡಿಗೆ ಸಜ್ಜ ಹಾಕಿ, ಅದರ ಮೇಲೆ ಹಳೇ ಸೂಟ್‌ಕೇಸ್ ತುಂಬಿ, ಕೆಳಗೆ ಗೀಸರ್ ನೇತುಹಾಕ್ತಾರೆ. ಕೈ ಎತ್ತಿ ತಲೆಗೆ ಶಾಂಪೂ ಹಾಕ್ಕೊಳ್ಳೋ ಆರಡಿ ಮನುಷ್ಯನ ಬೆರಳು ಪ್ಲಗ್ಗಿಗೆ ತಾಕತ್ತೆ.

ಆನ್‌ಸೈಟ್ ಹೋಗಿ ಬಂದವರು ಈಗ ಕೇಳ್ತೀರ, ಅಮೆರಿಕಾದ ಬಾತ್‌ರೂಮಲ್ಲಿ ಬೇಸಿನ್ ಪಕ್ಕದಲ್ಲೇ ಸಾಕೆಟ್ ಇರತ್ತಲ್ಲ ಅಂತ. ಇರತ್ತೆ, ಅಷ್ಟೇ ಅಲ್ಲ, ಬೇಸಿನ್ನಿನಿಂದ ಮೂರಡಿ ಒಳಗೆ ಒಂದು ಇರಲೇಬೇಕು ಅಂತ ಅವರ ಕೋಡ್ ಹೇಳತ್ತೆ. ಆದ್ರೆ ಅಲ್ಲಿ ಮನೆ ಸಾಕೆಟ್ಟಿನಲ್ಲಿ ಇರೋದು 120 ವೋಲ್ಟು. ಮತ್ತೆ ಬಾತ್‌ರೂಮ್ ಸಾಕೆಟ್ಟಿಗೆ ಜಿಎಫ್‌ಸಿಐ ಬೇಕು ಅಂತ 1975ರಿಂದ ನಿಯಮ ಇದೆ. ಸುಮಾರು 5 ಮಿಲಿಆಂಪಿಯರ್ ಸೋರಿದ್ರೆ ಕಟ್ ಆಗತ್ತೆ. ಬರ್ಕ್‌ಲಿಯ ಚಾರ್ಲ್ಸ್ ಡಾಲ್ಜಿಯಲ್ ಅನ್ನೋ ಪ್ರೊಫೆಸರ್, ಎಷ್ಟು ಕರೆಂಟ್ ಹರಿದ್ರೆ ಮನುಷ್ಯ ಹಿಡಿದ ತಂತಿ ಬಿಡೋಕಾಗಲ್ಲ ಅಂತ ಸ್ವಯಂಸೇವಕರ ಮೇಲೆ ಅಳೆದು ನೋಡಿ, 1961ರಲ್ಲಿ ಅದನ್ನ ರೂಪಿಸಿದ್ದು. ಬ್ರಿಟನ್ನಿನಲ್ಲಿ ನಮ್ಮ ಹಾಗೇ 230 ವೋಲ್ಟು. ಅಲ್ಲಿ ಸ್ನಾನದ ವಲಯದಿಂದ 3 ಮೀಟರ್ ದೂರದವರೆಗೆ ಸಾಕೆಟ್ ಇಡಂಗಿರಲಿಲ್ಲ, 2022ರಲ್ಲಿ ಅದನ್ನ 2.5 ಮೀಟರಿಗೆ ಇಳಿಸಿದ್ರು. ಲೈಟ್ ಹಾಕೋಕೂ ಸೂರಿನಿಂದ ಒಂದು ದಾರ ಇಳಿಬಿಟ್ಟಿರ್ತಾರೆ, ಒದ್ದೆ ಕೈ ಸ್ವಿಚ್ಚಿಗೆ ತಾಕಬಾರದು ಅಂತ. ಶೇವರಿಗೆ ಮಾತ್ರ ಒಂದು ಪುಟ್ಟ ಪಾಯಿಂಟು, ಅದರ ಹಿಂದೆ ಪ್ರತ್ಯೇಕಿಸೋ ಟ್ರಾನ್ಸ್‌ಫಾರ್ಮರ್ ಇರತ್ತೆ. ಅದರ ಒಂದು ತಂತಿ ಮುಟ್ಟಿದ್ರೆ ಕರೆಂಟು ಮೈಯಿಂದ ನೆಲಕ್ಕಿಳಿಯೋಕೆ ದಾರಿ ಇರಲ್ಲ. ನಾವು ಮಾಡಿದ್ದು ನೋಡಿ. ಕನ್ನಡಿ ಪಕ್ಕದ ಪಾಯಿಂಟ್ ಅಮೆರಿಕಾದ್ದು, ವೋಲ್ಟೇಜು ಬ್ರಿಟನ್ನಿಂದು. ಇಬ್ಬರ ರಕ್ಷಣೆಯನ್ನೂ ಏರ್‌ಪೋರ್ಟಲ್ಲೇ ಬಿಟ್ಟು ಬಂದಿದೀವಿ.

"ಎಂಸಿಬಿ ಇದೆಯಲ್ಲ ಸಾರ್, ಏನೇ ಆದ್ರೂ ಟ್ರಿಪ್ ಆಗತ್ತೆ" ಅನ್ನೋದು ಓನರುಗಳ ಮಂತ್ರ. ಓದಿದ ನಮ್ಮಲ್ಲೂ ಸುಮಾರು ಜನ ಇದನ್ನೇ ನಂಬಿದೀವಿ. 2 ಕಿಲೋವ್ಯಾಟ್ ಗೀಸರ್ 230 ವೋಲ್ಟಲ್ಲಿ ಎಳೆಯೋದು ಸುಮಾರು 8.7 ಆಂಪಿಯರ್. ಅದಕ್ಕೆ ಹಾಕೋದು 16 ಆಂಪಿಯರಿನ ಎಂಸಿಬಿ, ಅಂದ್ರೆ 16,000 ಮಿಲಿಆಂಪಿಯರ್. ನೆಂದ ಮೈಯ ರೋಧ ಸಾವಿರ ಓಮ್ ಆಸುಪಾಸು ಅಂತಿಟ್ಕೊಂಡ್ರೆ ಮೈಯಲ್ಲಿ ಹರಿಯೋದು 230 ಮಿಲಿಆಂಪಿಯರ್. ಎಂಸಿಬಿಗೆ ಅದು ಹೊಸ ಬಲ್ಬ್ ಹಾಕಿದ ಹಾಗೆ, ಅಷ್ಟೇ. ಗುಂಡಿಗೆ ನಿಲ್ಲೋಕೆ ಅಷ್ಟು ಬೇಕಾಗೇ ಇಲ್ಲ. ಎಂಸಿಬಿ ಕಾಯೋದು ವೈರನ್ನ. ಮನುಷ್ಯನ್ನ ಕಾಯೋದು ಆರ್‌ಸಿಸಿಬಿ. ಅದು ಹೋದ ಕರೆಂಟೂ ವಾಪಸ್ ಬಂದ ಕರೆಂಟೂ ಸಮ ಇದೆಯಾ ಅಂತ ತೂಗ್ತಾ ಕೂತಿರತ್ತೆ. ವ್ಯತ್ಯಾಸ 30 ಮಿಲಿಆಂಪಿಯರ್ ಮುಟ್ಟೋದರೊಳಗೆ ಕಟ್ ಮಾಡತ್ತೆ. 150 ಮೀರಿದ್ರೆ ಸೆಕೆಂಡಿನ ಇಪ್ಪತ್ತೈದನೇ ಒಂದು ಭಾಗದಲ್ಲಿ. ಒಂದು ಎಚ್ಚರಿಕೆ: ಬೋರ್ಡಲ್ಲಿ ಆರ್‌ಸಿಸಿಬಿ ಇದ್ದ ಮಾತ್ರಕ್ಕೆ ಆಗಲಿಲ್ಲ, ಮೇಲೆ ಬರೆದಿರೋ ಅಂಕಿ ನೋಡಿ. 300 ಅಂತಿದ್ರೆ ಅದು ಬೆಂಕಿ ತಡೆಯೋಕೆ, ನಿಮ್ಮನ್ನ ಉಳಿಸೋಕಲ್ಲ.

ಈ ಕಡೆಯ ಮನೆಗಳಿಗೆ ಇದು ಇನ್ನೂ ಹೆಚ್ಚು ಬೇಕು, ಕಾರಣ ನಮ್ಮ ನೀರು. ಆನೇಕಲ್ ಸುತ್ತಲಿನ ಬಾಡಿಗೆ ಮನೆಗಳು ಹೆಚ್ಚಾಗಿ ನಂಬಿರೋದು ಬೋರು, ಇಲ್ಲವೇ ಟ್ಯಾಂಕರ್. ಎರಡೂ ಗಡಸು ನೀರು. ಬಕೆಟ್ಟಿನ ಅಂಚಿಗೆ ಬಿಳಿ ಪದರ ಕಟ್ಟೋದನ್ನ ನೋಡಿದೀರ. ಅದೇ ಪದರ ಗೀಸರಿನ ಕಾಯಿಲ್ ಮೇಲೂ ಕಟ್ಟತ್ತೆ. ಶಾಖ ನೀರಿಗೆ ದಾಟದೇ ಕಾಯಿಲ್ ಒಳಗೊಳಗೇ ಕೆಂಪಾಗತ್ತೆ, ಕವಚ ಬಿರುಕು ಬಿಡತ್ತೆ, ಕರೆಂಟು ನೀರಿಗಿಳಿಯತ್ತೆ. ಲವಣ ತುಂಬಿದ ನೀರು ಕರೆಂಟನ್ನ ಚೆನ್ನಾಗೇ ಹೊರತ್ತೆ. ಅರ್ತಿಂಗ್ ಸರಿ ಇದ್ರೆ ಅದು ಅರ್ತ್ ತಂತಿ ಹಿಡಿದು ಹೋಗತ್ತೆ. ಇಲ್ಲದಿದ್ರೆ? ಹಿಂದೆ ಜಿಐ ಪೈಪಾದರೂ ನೆಲಕ್ಕೊಂದು ದಾರಿ ಕೊಡ್ತಿತ್ತು. ಈಗ ಎಲ್ಲ ಪ್ಲಾಸ್ಟಿಕ್ ಪೈಪು. ದಾರಿ ಸಿಗದೇ ಕಾಯ್ಕೊಂಡಿರೋ ಕರೆಂಟಿಗೆ ನಲ್ಲಿ ತಿರುಗಿಸೋ ಒದ್ದೆ ಕೈಯೇ ದಾರಿ.

"ಗೀಸರ್ ಆನ್ ಇದ್ದಾಗ ನಲ್ಲಿ ಮುಟ್ಟಿದ್ರೆ ಸ್ವಲ್ಪ ಜುಮ್ ಅನ್ನತ್ತೆ, ಅಷ್ಟೇ." ಈ ಮಾತನ್ನ ನಾನು ಎಷ್ಟು ಮನೆಗಳಲ್ಲಿ ಕೇಳಿದೀನಿ ಅಂದ್ರೆ, ಅದು ಮನೆಯ ಒಂದು ಸ್ವಭಾವ ಅನ್ನೋ ಹಾಗೆ ಹೇಳ್ತಾರೆ, ಕಿಟಕಿ ಕಿರುಗುಟ್ಟತ್ತೆ ಅಂದ ಹಾಗೆ. ಒಬ್ಬರಂತೂ ಬಾಗಿಲ ಹತ್ತಿರ ರಬ್ಬರ್ ಚಪ್ಪಲಿ ಇಟ್ಟಿದ್ರು, "ಹಾಕ್ಕೊಂಡು ಹೋದ್ರೆ ಏನೂ ಆಗಲ್ಲ". ಜುಮ್ ಅನ್ನೋಕೆ ಒಂದೆರಡು ಮಿಲಿಆಂಪಿಯರ್ ಸಾಕು. ಹತ್ತು ಹದಿನೈದು ಆಗೋ ಹೊತ್ತಿಗೆ ಹಿಡಿದ ಕೈ ಬಿಡೋಕಾಗಲ್ಲ, ಸ್ನಾಯು ಮಾತು ಕೇಳಲ್ಲ. ಎರಡರ ನಡುವೆ ಇರೋದು ಕಾಯಿಲ್ಲಿನ ಬಿರುಕು ಇನ್ನೊಂದು ಕೂದಲೆಳೆ ಅಗಲ ಆಗೋದು, ಇಲ್ಲಾಂದ್ರೆ ಒಂದಿನ ಚಪ್ಪಲಿ ಮರೆಯೋದು. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ವರದಿಗಳ ಪ್ರಕಾರ 2019ರಿಂದ 2022ರವರೆಗೆ ಒಂದೊಂದು ವರ್ಷವೂ ದೇಶದಲ್ಲಿ ಹನ್ನೆರಡು ಸಾವಿರಕ್ಕಿಂತ ಹೆಚ್ಚು ಜನ ಕರೆಂಟು ತಗುಲಿ ಸತ್ತಿದ್ದಾರೆ. ಹೊಲದ ಪಂಪು, ಹರಿದು ಬಿದ್ದ ತಂತಿ, ಕಾರ್ಖಾನೆ ಎಲ್ಲ ಅದರಲ್ಲಿದೆ. ಬಚ್ಚಲಿನದೂ.

ಸ್ವಿಚ್ ಹೊರಗಿರಬೇಕು ಅನ್ನೋದಕ್ಕೆ ಬರೋ ಆಕ್ಷೇಪಗಳು ಗೊತ್ತು. ಮಕ್ಕಳು ಆಟಕ್ಕೆ ಆಫ್ ಮಾಡ್ತಾರೆ, ಒಳಗಿಂದ ಕೂಗಬೇಕು, ಆಫ್ ಮಾಡೋಕೆ ಮರೆತು ಆಫೀಸಿಗೆ ಹೋಗ್ತೀವಿ. ಮರೆವಿಗೆ ಕೆಂಪು ದೀಪ ಇರೋ ಸ್ವಿಚ್ ಸಿಗತ್ತೆ. ಕೂಗೋದಕ್ಕೆ ಔಷಧಿ ಇಲ್ಲ, ಕೂಗಿ. ಆದ್ರೆ ಹೊರಗಿಟ್ಟ ಮಾತ್ರಕ್ಕೆ ಪೂರ್ತಿ ಅಂಕ ಕೊಡೋಕೂ ನಾನು ತಯಾರಿಲ್ಲ. ಮಾಮೂಲಿ ಸ್ವಿಚ್ ಕತ್ತರಿಸೋದು ಒಂದೇ ತಂತಿಯನ್ನ. ವೈರಿಂಗ್ ಮಾಡೋರು ಫೇಸ್ ಬದಲು ನ್ಯೂಟ್ರಲ್ಲನ್ನ ಸ್ವಿಚ್ಚಿಗೆ ಕೊಟ್ಟಿದ್ರೆ, ಸ್ವಿಚ್ ಆಫ್ ಇದ್ರೂ ಗೀಸರ್ ಒಳಗೆ ಕರೆಂಟ್ ಇದ್ದೇ ಇರತ್ತೆ. ಗೀಸರಿಗೆ ಎರಡೂ ತಂತಿ ಕತ್ತರಿಸೋ 20 ಆಂಪಿಯರ್ ಡಬಲ್ ಪೋಲ್ ಸ್ವಿಚ್ಚೇ ಬೇಕು. ಅಂಗಡೀಲಿ ಡಿಪಿ ಸ್ವಿಚ್ ಅಂತ ಕೇಳಿದ್ರೆ ಕೊಡ್ತಾರೆ.

ವಾಷಿಂಗ್ ಮೆಷಿನ್ ವಿಷಯದಲ್ಲಿ ನನ್ನ ಹತ್ರ ಒಳ್ಳೇ ಉತ್ತರ ಇಲ್ಲ. ನಾಲ್ಕಡಿ ಆರಡಿ ಬಾತ್‌ರೂಮಲ್ಲಿ ಅದನ್ನ ಇಡೋದೇ ತಪ್ಪು, ಬಾಲ್ಕನಿ ಇದ್ರೆ ಅಲ್ಲಿಗೆ ಸಾಗಿಸಿ. ಟ್ರಿಮ್ಮರ್, ಹೇರ್ ಡ್ರೈಯರ್ ಎಲ್ಲ ಬೆಡ್‌ರೂಮಿನ ಕನ್ನಡಿ ಮುಂದೆ ನಡೆಯೋ ಕೆಲಸ.

ಕಾನೂನು ಏನೂ ಹೇಳಲ್ವಾ? ಹೇಳತ್ತೆ. ಕೇಂದ್ರ ವಿದ್ಯುಚ್ಛಕ್ತಿ ಪ್ರಾಧಿಕಾರದ 2023ರ ಸುರಕ್ಷತಾ ನಿಯಮಗಳಲ್ಲಿ, ತೀರಾ ಸಣ್ಣ ಲೋಡಿನ ಸಂಪರ್ಕಗಳನ್ನ ಬಿಟ್ಟು, ಮನೆ ಸಂಪರ್ಕಕ್ಕೆ 30 ಮಿಲಿಆಂಪಿಯರ್ ಮೀರದ ಸೋರಿಕೆ ರಕ್ಷಣೆ ಇರಬೇಕು ಅಂತಿದೆ. ಬೆಸ್ಕಾಂ ಹೊಸ ಸಂಪರ್ಕ ಕೊಡೋವಾಗ ಲೈಸೆನ್ಸ್ ಇರೋ ಗುತ್ತಿಗೆದಾರರಿಂದ ವೈರಿಂಗ್ ಮುಗಿದ ವರದಿ ಕೇಳತ್ತೆ. ಕಾಗದದಲ್ಲಿ ಎಲ್ಲ ಸರಿ. ಆ ಕಾಗದಕ್ಕೆ ಬಚ್ಚಲಿನ ಬಾಗಿಲು ತೆಗೆದು ನೋಡೋ ಕಣ್ಣಿಲ್ಲ. ಮನೆಗೆ ಜನ ಬಂದ ಮೇಲೆ ಇನ್ನೊಮ್ಮೆ ಯಾರಾದರೂ ಬಂದು ನೋಡಿದ್ದನ್ನ ನಾನಂತೂ ಕಂಡಿಲ್ಲ.

ಇದರ ಪೂರ್ತಿ ಭಾರ ಬೀಳೋದು ಇನ್ನೂ ಕೆಳಗಿನವರ ಮೇಲೆ. ಬೊಮ್ಮಸಂದ್ರ, ಜಿಗಣಿ ಕಾರ್ಖಾನೆಗಳಿಗೆ ಶಿಫ್ಟಿಗೆ ಹೋಗೋ ಹುಡುಗರ ಸಿಂಗಲ್ ರೂಮುಗಳಲ್ಲಿ, ಪಿಜಿಗಳಲ್ಲಿ ಗೀಸರ್ ಅನ್ನೋದೇ ಇರಲ್ಲ, ಇದ್ರೂ ಬೆಳಿಗ್ಗೆ ಆರರಿಂದ ಎಂಟು ಮಾತ್ರ. ಅಲ್ಲಿರೋದು ಕಾಯಿಲ್ ರಾಡ್. ಹೊರಗಿನ ಬೋರ್ಡಿನಿಂದ ಎಕ್ಸ್‌ಟೆನ್ಷನ್ ಎಳೆದು, ಅದನ್ನ ಒದ್ದೆ ನೆಲದ ಮೇಲಿಟ್ಟು, ಪ್ಲಾಸ್ಟಿಕ್ ಬಕೆಟ್ಟಿಗೆ ರಾಡ್ ಇಳಿಸಿ, ಕಾದಿದೆಯಾ ಅಂತ ಬೆರಳು ಅದ್ದಿ ನೋಡೋದು. ನಮ್ಮ ಮನೆಗಳ ಮೇಲೆ ನನ್ನ ಸಿಟ್ಟು ಜಾಗ ತಪ್ಪಿದೆ ಅಂತ. ಅಲ್ಲಿ ಜಾಗದ ಪ್ರಶ್ನೆಯೇ ಹುಟ್ಟಲ್ಲ, ಪಾಯಿಂಟು ನೆಲದ ಮೇಲೆ ನೀರಲ್ಲಿ ಕೂತಿರತ್ತೆ. ಪಿಜಿ ನಡೆಸೋರು "ರಾಡ್ ಬಳಸುವಂತಿಲ್ಲ" ಅಂತ ಗೋಡೆಗೆ ಚೀಟಿ ಅಂಟಿಸಿರ್ತಾರೆ. ಬಿಸಿನೀರು ಮಾತ್ರ ಎಂಟಕ್ಕೆ ನಿಂತಿರತ್ತೆ, ನೈಟ್ ಶಿಫ್ಟಿನವನು ಬರೋದು ಒಂಬತ್ತಕ್ಕೆ.

ಗೋಡೆ ಒಡೆಯೋ ಅಧಿಕಾರ ಬಾಡಿಗೆದಾರರಿಗಿಲ್ಲ. ಆರ್‌ಸಿಸಿಬಿ ಹಾಕ್ಸೋಕೆ ಗೋಡೆ ಒಡೀಬೇಕಾಗಿಲ್ಲ, ಟೈಲ್ಸ್ ಡಿಸೈನ್ ಹುಡುಕಬೇಕಾಗಿಲ್ಲ. ಮೀಟರ್ ನಂತರದ ಡಬ್ಬದಲ್ಲಿ ಎರಡು ಎಂಸಿಬಿಯಷ್ಟು ಜಾಗ, ಎರಡು ಮೂರು ಸಾವಿರ ರೂಪಾಯಿ, ಒಂದು ಗಂಟೆ ಕೆಲಸ. ಓನರ್ ಅರ್ಧ ಕೊಟ್ರೆ ಸಂತೋಷ, ಕೊಡದಿದ್ರೂ ಹಾಕ್ಸಿ. ಮನೆ ಬಿಡೋವಾಗ ಬಿಚ್ಕೊಂಡು ಹೋಗಬಹುದು. ಹಾಕ್ಸೋವಾಗಲೇ ಗೀಸರ್ ಸಾಕೆಟ್ಟಿನಲ್ಲಿ ಅರ್ತ್ ನಿಜವಾಗಿ ಇದೆಯಾ ಅಂತ ಎಲೆಕ್ಟ್ರಿಷಿಯನ್ ಕೈಲಿ ಪರೀಕ್ಷೆ ಮಾಡ್ಸಿ. ಕೆಲವು ಕಡೆ ಹಸಿರು ತಂತಿ ಸಾಕೆಟ್ ತನಕ ಬಂದಿರತ್ತೆ, ಇನ್ನೊಂದು ತುದಿ ಎಲ್ಲಿಗೂ ಹೋಗಿರಲ್ಲ.

ಈಗಾಗಲೇ ಆರ್‌ಸಿಸಿಬಿ ಇರೋ ಮನೇಲಿದ್ರೆ ಅದರ ಮೇಲೆ 'ಟಿ' ಅಂತ ಬರೆದಿರೋ ಪುಟ್ಟ ಗುಂಡಿ ಇರತ್ತೆ. ಆಫೀಸ್ ಕಾಲ್ ಇಲ್ಲದ ಹೊತ್ತು ನೋಡ್ಕೊಂಡು ಅದನ್ನ ಒತ್ತಿ. ಟಪ್ ಅಂತ ಬೀಳಬೇಕು, ಅದರ ಕೆಳಗಿರೋ ಕರೆಂಟೆಲ್ಲ ಹೋಗಬೇಕು, ವೈಫೈ ಸಮೇತ. ಬೀಳದಿದ್ರೆ ಎಲೆಕ್ಟ್ರಿಷಿಯನ್ ಬಂದು ಬದಲಾಯಿಸೋ ತನಕ ಸ್ನಾನದ ನೀರು ಗ್ಯಾಸ್ ಸ್ಟೌವ್ ಮೇಲೆ ಕಾಯಿಸ್ಕೊಳ್ಳಿ.